ರುದ್ರಪ್ಪನವರು ಕೆಲಸದಿಂದ ತೆಗೆದ ನೌಕರ

ಆಯುಧಪೂಜೆಯ ದಿನ ರುದ್ರಪ್ಪನವರ ಅಂಗಡಿಯಲ್ಲಿ ಒಂದು ಸ್ವೀಟ್ ಡಬ್ಬಿ ಉಳಿದುಬಿಟ್ಟಿತು. ಮುಂದಿನ ರಾಮಾಯಣಕ್ಕೆಲ್ಲ ಆ ಡಬ್ಬಿಯೇ ಕಾರಣ.

ಅವರದು ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡಿನ ಅಂಗಡಿ. ನನ್ನ ಅಕ್ಕನ ಲಗ್ನಪತ್ರಿಕೆ ಅಚ್ಚಾದದ್ದು ಅಲ್ಲೇ, ಈಗ ಅಕ್ಕನ ಮಗಳದ್ದೂ ಅಲ್ಲೇ. ಹಬ್ಬಕ್ಕೆ ಕೆಲಸದವರಿಗೆಲ್ಲ ಒಂದೊಂದು ಡಬ್ಬಿ ಕೊಡುವುದು ರುದ್ರಪ್ಪನವರ ತಂದೆಯ ಕಾಲದಿಂದ ಬಂದ ಪದ್ಧತಿ. ಈ ಸಲ ಅವರ ಸೊಸೆ ನಂದಿನಿ ಮಾಡರ್ನ್ ಆಗಿ ಯೋಚಿಸಿ, ಕಾರ್ಡಿನ ಡಿಸೈನ್‌ಗಳನ್ನೆಲ್ಲ ಇಟ್ಟಿರುವ ಅಂಗಡಿಯ ಸರ್ವರ್ ಕಂಪ್ಯೂಟರಿನಲ್ಲಿ ಎಷ್ಟು ಯೂಸರ್ ಅಕೌಂಟ್ ಕಾಣಿಸಿದವೋ ಅಷ್ಟು ಡಬ್ಬಿ ತರಿಸಿದಳು. ಹಂಚಿದರೆ ಒಂದು ಉಳಿಯಿತು!

ಹುಡುಕಿದರು. ಒಂದು ಅಕೌಂಟ್ ಯಾರದ್ದೂ ಅಲ್ಲ. ಪಾಸ್‌ವರ್ಡ್ ಇಲ್ಲ, ಒಂದು ದಿನವೂ ಲಾಗಿನ್ ಆಗಿಲ್ಲ. 'ನನ್ನ ಅಂಗಡೀಲಿ ನನಗೇ ಮುಖ ಗೊತ್ತಿಲ್ಲದವ್ನು ಯಾರಮ್ಮ? ತೆಗೆದುಹಾಕು' ಎಂದರು ರುದ್ರಪ್ಪ. ಸೊಸೆ ಡಿಲೀಟ್ ಒತ್ತಿದಳು.

ಮರುದಿನ ಸರ್ವರ್ ಆನ್ ಆಯಿತು, ಆದರೆ ಒಂದು ಡಿಸೈನೂ ತೆರೆಯಲಿಲ್ಲ.

ಆ ಮರುದಿನ ಗುರುವಾರ. ಅಂದು ಬೆಳಿಗ್ಗೆಯೇ ನಾನೂ ಅಕ್ಕನೂ ಮೊದಲ ಕಾರ್ಡ್ ತರಲು ಹೋದೆವು. ಒಂದೂವರೆಗೆ ರಾಹುಕಾಲ. ಅಷ್ಟರೊಳಗೆ ಚಾಮರಾಜಪೇಟೆಗೆ ವಾಪಸ್ ಬಂದು ಕಾರ್ಡನ್ನು ಮನೆದೇವರ ಮುಂದೆ ಇಡಬೇಕು. ದೇವರನ್ನು ಕರೆಯದೆ ಬೇರೆ ಯಾರನ್ನೂ ಕರೆಯುವ ಹಾಗಿಲ್ಲ. ಅಕ್ಕನೋ ಅಂದು ಸಂಜೆಯೇ ಬೀಗರ ಮನೆಗೆ ಕರೆಯಲು ಬರುತ್ತೇನೆಂದು ಹೇಳಿಬಿಟ್ಟಿದ್ದಾಳೆ. ವಿಷಯ ಕೇಳಿದವಳೇ ಸ್ಟೂಲಿನ ಮೇಲೆ ಕುಸಿದು ಕೂತಳು.

(ಗೊತ್ತಿಲ್ಲದವರಿಗೆ: ಈ ಅಂಕಣದಿಂದ ನನ್ನ ಹೊಟ್ಟೆ ತುಂಬುವುದಿಲ್ಲ. ಕಂಪನಿಯೊಂದರಲ್ಲಿ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ.)

ನನಗೆ ನಗುವೂ ಬಂತು, ಸಿಟ್ಟೂ ಬಂತು. 'ಅವನು ಕಳ್ಳ ಅಲ್ಲ ಸಾರ್. ನಿಮ್ಮ ಡಿಸೈನ್‌ಗಳನ್ನೆಲ್ಲ ಕಾಯ್ತಿದ್ದವನೇ ಅವನು' ಎಂದೆ. ಸರ್ವರ್ ಸಾಫ್ಟ್‌ವೇರ್ ಹಾಕುವಾಗ ಅದು ತನಗೆಂದು ಒಂದು ಅಕೌಂಟ್ ಮಾಡಿಕೊಳ್ಳುತ್ತದೆ. ಮನುಷ್ಯರು ಬಳಸಲೆಂದಲ್ಲ. ಅಡುಗೆಯವರಿಗೆ ಅಡುಗೆಮನೆಯ ಬೀಗದ ಕೈ ಕೊಟ್ಟು ಬೀರುವಿನದು ಕೊಡದಿರುವಂತೆ, ಅದಕ್ಕೆ ತನ್ನ ಕೆಲಸದಷ್ಟೇ ಅಧಿಕಾರ. ಪಾಸ್‌ವರ್ಡ್ ಇಲ್ಲದಿರುವುದು ಅದರ ತಪ್ಪಲ್ಲ, ಅದೇ ಅದರ ಭದ್ರತೆ.

ನಂದಿನಿ ಅದೇ ಹೆಸರಿನಲ್ಲಿ ಹೊಸ ಅಕೌಂಟ್ ಮಾಡಿ ನೋಡಿದ್ದಳಂತೆ. ಜಪ್ಪಯ್ಯ ಅಂದರೂ ಕೆಲಸ ಮಾಡಿಲ್ಲ. ಮಾಡುವುದಾದರೂ ಹೇಗೆ? ಪ್ರತಿ ಅಕೌಂಟ್‌ಗೂ ಒಳಗೊಳಗೇ ಒಂದು ನಂಬರ್ ಇರುತ್ತದೆ, ಹೊಸದಕ್ಕೆ ಬಿದ್ದದ್ದು ಬೇರೆ ನಂಬರ್. ಸಿಸ್ಟಮ್‌ಗೆ ಹೆಸರು ಬೇಕಿಲ್ಲ, ಹಳೆಯ ನಂಬರೇ ಬೇಕು. ಆ ನಂಬರ್ ಫೈಲ್‌ಗಳ ಮೇಲೆ ಹಾಗೇ ಉಳಿದಿತ್ತು. ಒಡೆಯನನ್ನು ಓಡಿಸಿದರೂ ಅವು ಅವನನ್ನು ಬಿಟ್ಟುಕೊಟ್ಟಿರಲಿಲ್ಲ. ಸುಳ್ಳೇಕೆ, ನನ್ನ ಕಣ್ಣು ಒಂಚೂರು ಒದ್ದೆಯಾಯಿತು.

ಅದೇ ನಂಬರ್ ಕೊಟ್ಟು ಅವನನ್ನು ವಾಪಸ್ ಕೂರಿಸಿದೆ. ಡಿಸೈನ್‌ಗಳು ಒಂದೊಂದಾಗಿ ತೆರೆದುಕೊಂಡವು.

ಇನ್ನೊಂದು ತಮಾಷೆ ಕೇಳಿ. ನಂದಿನಿ ಬಳಸುತ್ತಿದ್ದ, ಎಲ್ಲ ಅಧಿಕಾರವೂ ಇರುವ 'ಅಡ್ಮಿನ್' ಅಕೌಂಟ್‌ಗೆ ಪಾಸ್‌ವರ್ಡೂ 'ಅಡ್ಮಿನ್' ಅಂತಲೇ! ಸಿಸ್ಟಮ್ ಹಾಕಿದವರು ಇಟ್ಟುಹೋದದ್ದು, ಯಾರೂ ಬದಲಿಸಿಲ್ಲ. ಅನುಮಾನ ಯಾರ ಮೇಲೆ ಬಂತು ನೋಡಿ. ಯಾರೂ ಒಳಗೆ ಬರಲಾಗದ ಅಕೌಂಟನ್ನು ಹೊರಗೆ ಹಾಕಿ, ಊರೆಲ್ಲ ನುಗ್ಗಬಹುದಾದ ಅಕೌಂಟ್‌ಗೆ ಸ್ವೀಟ್ ಕೊಟ್ಟಿದ್ದಾರೆ. ಎದುರಿಗೇ ನಿಂತು ಪಾಸ್‌ವರ್ಡ್ ಬದಲಾಯಿಸಿದೆ.

ರುದ್ರಪ್ಪನವರ ಮುಖ ಸಣ್ಣದಾಗಿತ್ತು. 'ಬೇಜಾರ್ ಮಾಡ್ಕೋಬೇಡಿ ತಾಯಿ' ಎಂದು ಅಕ್ಕನಿಗೆ ಕೈ ಮುಗಿದು, ಮೊದಲ ಕಾರ್ಡ್‌ಗಳನ್ನು ತಾವೇ ಮಷಿನ್‌ನಿಂದ ತೆಗೆದುಕೊಟ್ಟರು. ಆಟೋದವನನ್ನು ಗೋಗರೆದು ಮನೆ ಸೇರಿದಾಗ ಗಡಿಯಾರದಲ್ಲಿ ಇನ್ನೂ ಒಂದು ಗಂಟೆ.

ದೇವರ ಮುಂದೆ ಕೂತು ಅಕ್ಕ ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದಳು. ಕಣ್ಣೊರೆಸಿಕೊಂಡಳು. ಆಮೇಲೆ ಇನ್ನೊಂದು ಕಾರ್ಡ್ ತೆಗೆದು ಅದಕ್ಕೂ ಹಚ್ಚತೊಡಗಿದಳು.

'ಇದು ಯಾರಿಗೇ?'

'ರುದ್ರಪ್ಪನವರ ಅಂಗಡೀಲಿ ಕೆಲಸ ಮಾಡ್ತಾನಲ್ಲ, ಅವನಿಗೆ.'

'ಅಯ್ಯೋ ಅಕ್ಕ, ಅವನು ಮನುಷ್ಯ ಅಲ್ಲ ಕಣೆ!'

'ಮಗು ಮದುವೆಗೆ ದುಡಿದಿದ್ದಾನೆ ತಾನೆ? ಕರೆಯೋಕೆ ಇನ್ನೇನೇ ಬೇಕು?'