ವಂಶವೃಕ್ಷದಲ್ಲಿ ಅಮ್ಮನ ಹೆಸರು

ಹೆಣ್ಣುಮಕ್ಕಳ ಹೆಸರು ವಂಶವೃಕ್ಷಕ್ಕೆ ಯಾವತ್ತೂ ಹತ್ತೋದಿಲ್ಲ ಅಂದವರು ನನ್ನ ಸೋದರಮಾವ. ತಾತನ ತಿಥಿ ಊಟ ಮುಗಿದು, ಎಲ್ಲರೂ ಜಗಲಿ ಮೇಲೆ ಅಡಿಕೆ ಜಗಿಯುತ್ತಾ ಕೂತಿದ್ದಾಗ ಅಂದರು. ತಾತನ ಹೆಸರಿನಲ್ಲಿದ್ದ ಹೊಲದ ಖಾತೆ ಬದಲಾಯಿಸಲು ವಂಶವೃಕ್ಷ ಬೇಕಿತ್ತು. ಅದರಲ್ಲಿ ಅಮ್ಮನ ಹೆಸರೂ ಬರಬೇಕಲ್ಲ ಮಾವ, ಅಂದಿದ್ದೆ, ಅಷ್ಟೇ.

"ಲಾಯರಮ್ಮಾ, ನೀನು ಓದಿರೋದು ಕಾಯ್ದೆ. ಇದು ಕಟ್ಟಳೆ. ಕಾಯ್ದೆ ಮಾಡ್ದೋರು ಯಾರು ಅಂತ ಗೊತ್ತು, ಹೋಗಿ ಕೇಳ್ಬೋದು. ಕಟ್ಟಳೆ ಮಾಡ್ದೋರ್ನ ಎಲ್ಲಿ ಹುಡುಕ್ತೀಯ?"

ಕೂತಿದ್ದವರು ನಕ್ಕರು. ನಾನೂ ನಕ್ಕೆ ಅಂತ ಕಾಣುತ್ತೆ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಮಧುಗಿರಿಯಿಂದ ತುಮಕೂರಿಗೆ ದಿನಾ ಬಸ್ಸಿನಲ್ಲಿ ನಿಂತೇ ಓಡಾಡಿ ಲಾ ಮುಗಿಸಿದೆ. ಇದನ್ನು ಹೇಳುವಾಗ ದನಿ ತಗ್ಗಿಸುವವಳಲ್ಲ. ಆದರೆ ಓದಿ ಬಂದ ಮೇಲೆ ತಿಳಿದದ್ದು, ನಮ್ಮ ಕಡೆ ಕಾನೂನನ್ನು ಯಾರೂ ಒಂದೇ ಹೆಸರಿನಿಂದ ಕರೆಯುವುದಿಲ್ಲ. ಆಫೀಸಿನಲ್ಲಿ ಅದು ರೂಲ್ಸು. ಅರಳಿಕಟ್ಟೆಯಲ್ಲಿ ನ್ಯಾಯ, 'ಇವತ್ತು ನ್ಯಾಯ ಐತೆ' ಅಂದರೆ ಯಾರದೋ ಜಗಳ ಐತೆ ಅಂತ. ಮನೆಯೊಳಗೆ ಕಟ್ಟಳೆ. ಬೇರೆ ಯಾವ ದಾರಿಯೂ ಇಲ್ಲದವರು ಮಾತ್ರ 'ಇದು ಧರ್ಮಾನಾ?' ಅಂತ ಕೇಳುತ್ತಾರೆ. ಕಾನೂನು ಅನ್ನುವ ಮಾತಂತೂ ಬೈಗುಳಕ್ಕೆ ಹತ್ತಿರ. ಎದುರು ಮಾತಾಡಿದ ಸೊಸೆಗೆ ಅತ್ತೆ, 'ನನ್ ಹತ್ರಾನೇ ಕಾನೂನು ಮಾತಾಡ್ತೀಯಾ' ಅನ್ನುತ್ತಾಳೆ.

ತಿಂಗಳಾದ ಮೇಲೆ, ಊರವರನ್ನು ಕೇಳಿ ಬರೆದುಕೊಳ್ಳುವ ಮಹಜರಿಗೆ ಗ್ರಾಮ ಲೆಕ್ಕಿಗರು, ಅಂದರೆ ವಿ.ಎ., ಬಂದರು. ಹೊಳವನಹಳ್ಳಿಯಿಂದ ಒಳಗೆ, ತಾತನ ಊರಿಗೆ, ಅಮ್ಮನ ಜೊತೆ ನಾನೂ ಹೋಗಿದ್ದೆ. ವಿ.ಎ. ಪೆನ್ನು ತೆಗೆದು ಅಕ್ಕಪಕ್ಕದವರನ್ನು ಕೇಳಿದರು, "ತೀರಿಕೊಂಡವರಿಗೆ ಮಕ್ಕಳು ಎಷ್ಟು?"

"ಒಬ್ನೇ ಸಾರ್."

"ಒಬ್ನೇ. ಇಗೋ, ಇಲ್ಲೇ ಅವ್ನೆ ನೋಡಿ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಮಕ್ಕಳು ಅಂದರೆ ಅವರ ಬಾಯಲ್ಲಿ ಗಂಡುಮಕ್ಕಳೇ. ಅಷ್ಟರಲ್ಲಿ ಅಮ್ಮ ಕಾಫಿ ಲೋಟಗಳ ತಟ್ಟೆ ಹಿಡಿದು ಹೊರಗೆ ಬಂದಳು. ವಿ.ಎ. ಅವಳನ್ನೂ ಕೇಳಿದರು. "ಏನಮ್ಮ, ನೀವು ಈ ಮನೆಯವರೇ ತಾನೆ? ಇವರಿಗೆ ಮಕ್ಕಳು ಎಷ್ಟು?"

"ಒಬ್ನೇ ಸಾರ್," ಅಂದಳು ಅಮ್ಮ. "ನಮ್ಮಣ್ಣ."

ಲೋಟ ಕೊಡುತ್ತಾ ಮುಂದೆ ಹೋದಳು. ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ಐದು ವರ್ಷ ಓದಿದ್ದೆಲ್ಲ ಮೈಯಿಂದ ಇಳಿದುಹೋದ ಹಾಗಾಯಿತು. ಯಾರದೋ ದನಿಯಲ್ಲಿ ಅನ್ನುವ ಹಾಗೆ ಅಂದೆ, "ಸಾರ್, ಇಬ್ಬರು. ಕಾಫಿ ಕೊಟ್ಟರಲ್ಲ, ಅವರೇ ಎರಡನೆಯವರು."

ವಿ.ಎ. ಪೆನ್ನು ನಿಲ್ಲಿಸಿದರು. "ರೂಲ್ಸ್ ಪ್ರಕಾರ ಎಲ್ಲರ ಹೆಸರೂ ಬರಬೇಕು. ಆದರೆ ಅವರೇ ಒಬ್ಬ ಅಂದ್ಬಿಟ್ರಲ್ಲ?"

"ಇದೇನ್ಲಾ ಇದು, ಅವ್ವನ ಬಾಯಿಗೆ ಮಗಳು ಉತ್ತರ ಹೇಳೋದು," ಅಂತ ಪಕ್ಕದ ಮನೆಯ ಮುದುಕ ಮಾವನಿಗೆ ಅಂದ. ಅಮ್ಮ ಖಾಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಅಣ್ಣನ ಮುಖ ನೋಡಿದಳು, ಆಮೇಲೆ ನನ್ನ ಮುಖ.

"ನನ್ನೂ ಸೇರ್ಸಿದ್ರೆ ಇಬ್ರು ಸಾರ್," ಅಂದಳು.

ಮಾವ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೋದರು.

ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ಅಣ್ಣ ಬಾಗಿನ ತರುವುದೂ ಒಂದು ಕಟ್ಟಳೆಯೇ. ಅಮ್ಮ ಮದುವೆಯಾದಾಗಿನಿಂದ ಅದು ತಪ್ಪಿರಲಿಲ್ಲ. ಅಮ್ಮ ಬೆಳಿಗ್ಗೆ ಬಾಗಿಲು ಸಾರಿಸಿದಳು. ಸಂಜೆ ದೀಪ ಹಚ್ಚಿದಳು. ಬಾಗಿನ ತನ್ನಿ ಎಂದು ತವರಿನವರಿಗೆ ಹೇಳುವ ಸೆಕ್ಷನ್ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಹಬ್ಬ ಕಳೆದು ಹದಿನೈದು ದಿನಕ್ಕೆ ನಾಡಕಚೇರಿಯಲ್ಲಿ ವಂಶವೃಕ್ಷ ಕೊಟ್ಟರು. ಮಾವ ಬೆಳಿಗ್ಗೆಯೇ ಬಂದು ತಮ್ಮ ಪ್ರತಿಯನ್ನು ತಗೊಂಡು ಹೋಗಿದ್ದರಂತೆ. ನಮ್ಮದನ್ನು ನಾನು ಅಮ್ಮನ ಕೈಗೆ ಕೊಟ್ಟೆ. ಅವಳಿಗೆ ಓದಲು ಬರುವುದಿಲ್ಲ.

"ನಮ್ಮಣ್ಣ ಎಲ್ಲವ್ನೆ?"

ಅವಳ ಬೆರಳನ್ನು ಹಿಡಿದು ಆ ಹೆಸರಿನ ಮೇಲೆ ಇಟ್ಟೆ.

"ನಾನು?"

ಬೆರಳನ್ನು ಸ್ವಲ್ಪವೇ ಸರಿಸಿದೆ. ಅಮ್ಮ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಒಮ್ಮೆ ಎಳೆದು ನೋಡಿದಳು. ಹಾಳೆಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಪಕ್ಕದಲ್ಲೇ ಅವ್ನೆ, ಬುಡು."