ಅವ್ವನ ಅಳು ತಟ್ಟೆಗಿಳಿಸಿದ ಮಾಮಾ

ಕಳೆದ ವಾರ ಮೊಮ್ಮಗಳ ಮದುವೆಗೆ ಬಳೆ ತರಲು ಕಲಬುರಗಿಯ ಬಜಾರಿಗೆ ಹೋಗಿದ್ದೆ. ಬಳೆಗಾರ ಕೆಂಡದ ಮೇಲೆ ಅರಗು ಕಾಯಿಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಆರಿಸುತ್ತಿದ್ದ ಬಳೆ ಕೆಳಗಿಟ್ಟು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಮೊಮ್ಮಗಳು ಗಾಬರಿಯಾಗಿ ನೀರು ತರಲು ಓಡಿದಳು. ನೀರು ಏನು ಮಾಡೀತು! ಹಿಂದೆ ಗ್ರಾಮಫೋನಿನ ಕರಿ ತಟ್ಟೆಗಳನ್ನು ಅರಗಿನಿಂದಲೇ ಮಾಡುತ್ತಿದ್ದರು. ಬಿಸಿಲಿಗಿಟ್ಟರೆ ಹೀಗೇ ನಾರುತ್ತಿದ್ದವು. ಆ ವಾಸನೆಯ ಹಿಂದೆಯೇ ನನ್ನ ಸೋದರಮಾವ ಬಂದು ಎದುರಿಗೆ ನಿಂತ. ಸತ್ತು ಎಷ್ಟೋ ವರ್ಷಗಳಾದವು, ಬರುವುದನ್ನು ಮಾತ್ರ ಬಿಟ್ಟಿಲ್ಲ ಮನೆಮುರುಕ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದೆನ್ನುತ್ತಾರೆ. ಆಡಿಸಿಕೊಳ್ಳುವಂಥದ್ದು ಮಾಡದೆ ಸತ್ತಿದ್ದರೆ ನಾನೂ ಆಡುತ್ತಿರಲಿಲ್ಲ.

ವಾಡಿಯಿಂದ ಚಿಂಚೋಳಿಯವರೆಗೆ ಅವನನ್ನು ಎಲ್ಲರೂ ರಿಕಾರ್ಡು ಮಾಮಾ ಎಂದೇ ಕರೆಯುತ್ತಿದ್ದರು. ಅವ್ವನಿಗೆ ಒಬ್ಬನೇ ತಮ್ಮ. ಇಬ್ಬರೂ ಭೀಮಾ ದಂಡೆಯ ಸನ್ನತಿಯಲ್ಲಿ ಹುಟ್ಟಿದವರು. ತಾಯಿ ಬೇಗ ತೀರಿಕೊಂಡದ್ದರಿಂದ ಅವ್ವನೇ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಅವ್ವನನ್ನು ಶಹಾಬಾದಿನ ಪಕ್ಕದ ಭಂಕೂರಿಗೆ ಕೊಟ್ಟರು. ನಮ್ಮಪ್ಪ ಅಲ್ಲಿಯ ಫರಸಿ ಕಲ್ಲಿನ ಖಣಿಯಲ್ಲಿ ಚಪ್ಪಡಿ ಎಬ್ಬಿಸುವ ಕೆಲಸದವ. ಮಾಮಾ ವಾಡಿ ಸ್ಟೇಷನ್ನಿನ ಎದುರಿಗಿದ್ದ ಚಹಾದ ಹೋಟೆಲಿನಲ್ಲಿ ಗ್ರಾಮಫೋನಿಗೆ ಕೀಲಿ ಕೊಡುವ ಕೆಲಸಕ್ಕೆ ಸೇರಿದ. ರಜಾಕಾರರ ಹಾವಳಿ ಮುಗಿದು, ಪೊಲೀಸ್ ಆ್ಯಕ್ಷನ್ ಆಗಿ, ಜನ ಮತ್ತೆ ಬಾಯಿಬಿಟ್ಟು ಹಾಡತೊಡಗಿದ ಕಾಲ ಅದು. ಬೊಂಬಾಯಿಯ ಯಾವುದೋ ತಟ್ಟೆ ಕಂಪನಿಯವರು ರೈಲು ಬದಲಿಸಲು ವಾಡಿಯಲ್ಲಿ ಇಳಿದವರು ಇವನ ಕಿವಿಯ ಚುರುಕು ಕಂಡು, ನಮ್ಮ ಕಡೆಯ ಹಾಡುಗಾರರನ್ನು ಹುಡುಕಿ ರಿಕಾರ್ಡು ಮಾಡಿಸುವ ಕೆಲಸ ಕೊಟ್ಟರು. ಯಾರು ಹಾಡಬೇಕು, ಏನು ಹಾಡಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲ ಇವನದೇ ಕಾರಭಾರ. ಕಿವಿ ಮಾತ್ರ ದೇವರು ಭರ್ತಿ ಕೊಟ್ಟಿದ್ದ, ಅದನ್ನು ಇಲ್ಲವೆನ್ನಲಾರೆ. ಕಿವಿ ಕೊಡುವ ಗಡಿಬಿಡಿಯಲ್ಲಿ ಎದೆ ಕೊಡುವುದನ್ನು ಮರೆತಿದ್ದ.

ಸೇಡಂನ ಒಬ್ಬ ಭಜನೆಯವನನ್ನು ಸರಿಯಾಗಿ ಹಾಡುವವರೆಗೆ ಕೋಣೆಯಲ್ಲಿ ಹಾಕಿ ಕೀಲಿ ಜಡಿದಿದ್ದ. ಚಿಂಚೋಳಿಯ ಮುದುಕನೊಬ್ಬನಿಗೆ ಸೇಂದಿ ಕುಡಿಸಿ, ಅವನು ನಾಚಿಕೆ ಬಿಟ್ಟು ಹಾಡಿದ್ದನ್ನೆಲ್ಲ ತಟ್ಟೆಗಿಳಿಸಿ, ಮುದುಕ ಊರಲ್ಲಿ ತಲೆ ಎತ್ತದ ಹಾಗೆ ಮಾಡಿದ. ಸಿಟ್ಟು ಬಂದರೆ ಹಾರ್ಮೋನಿಯಂ ಎತ್ತಿ ಒಗೆಯುತ್ತಿದ್ದ. ಹೆಂಡತಿಯೂ ಒಂದು ದಿನ ತನ್ನ ಟ್ರಂಕು ತಗೊಂಡು ತವರಿಗೆ ಹೋದವಳು ತಿರುಗಿ ಬರಲಿಲ್ಲ. ಆದರೆ ತಟ್ಟೆಯ ಮೇಲೆ ಇವನ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತಿತ್ತು. ರೇಷ್ಮೆ ಶರ್ಟು, ಕೈಗಡಿಯಾರ, ತಲೆಗೆ ರುಮಾಲು, ಬಾಯಲ್ಲಿ ಪಾನು. ನಮ್ಮ ಮನೆಗೆ ಬಂದರೆ ಅವ್ವ ದೃಷ್ಟಿ ತೆಗೆಯುತ್ತಿದ್ದಳು. ತಮ್ಮ ಅಂದರೆ ಅಷ್ಟು ಪ್ರಾಣ ಆಕೆಗೆ...

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಣ್ಣುಮಕ್ಕಳು ಬರೀ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರು ಉಂಡದ್ದು, ಉಟ್ಟದ್ದು, ಆಡಿದ್ದು, ನಡೆದದ್ದು ಎಲ್ಲ ಆ ಹಾಡಿನಲ್ಲಿ ಬರುತ್ತದೆ. ತೀರ ಹತ್ತಿರದವಳು ಶುರು ಮಾಡಬೇಕು, ಉಳಿದವರು ಎತ್ತಿಕೊಳ್ಳಬೇಕು. ಹಾಗೆ ಅಳಿಸಿಕೊಂಡು ಹೋದವನಿಗೇ ಮುಂದಿನ ಹಾದಿ ಸುಸೂತ್ರ ಎಂದು ಹಿರಿಯರ ಮಾತು. ಈ ಅಳುವಿನಲ್ಲಿ ಅವ್ವನನ್ನು ಮೀರಿಸುವವರು ಸುತ್ತ ಯಾರೂ ಇರಲಿಲ್ಲ. ಅಪ್ಪನ ತಾಯಿ ತೀರಿಕೊಂಡಾಗ ಅತ್ತೆಯ ಹೆಣದ ಮುಂದೆ ಕೂತು ಅವ್ವ ಅತ್ತದ್ದನ್ನು ಕೇಳಿ, ಹೊರಗೆ ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದ ಗಂಡಸರೂ ಕೊಡಲಿ ಕೆಳಗಿಟ್ಟಿದ್ದರು. ಮಾಮಾ ಬಾಗಿಲಿಗೆ ಒರಗಿ ನಿಂತಿದ್ದ. ಅವನ ಕಣ್ಣು ಹೆಣದ ಮೇಲಿರಲಿಲ್ಲ, ಅಕ್ಕನ ಮೇಲೂ ಇರಲಿಲ್ಲ. ಕೈಗಡಿಯಾರ ನೋಡುತ್ತಿದ್ದ. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುವುದು ಮೂರು ಮಿನಿಟಿನ ಹಾಡು.

ಆಮೇಲೆ ಅವ್ವನ ಬೆನ್ನು ಹತ್ತಿದ. ಕಂಪನಿಯವರ ರಿಕಾರ್ಡು ಯಂತ್ರವಿದ್ದ ಹೈದರಾಬಾದಿಗೆ ಬಂದು ಹಂಗೇ ಅಳಬೇಕಂತೆ. ಅವ್ವ ಸುತರಾಂ ಒಪ್ಪಲಿಲ್ಲ. "ಸಾವಿಲ್ಲದ ಮನ್ಯಾಗ ಹಾಡ್ಯಾಡಿ ಅಳಬಾರ್ದೋ ಯಪ್ಪಾ" ಎಂದಳು.

"ಅಲ್ಲಿ ಮನೀ ಎಲ್ಲದ ಅಕ್ಕಾ? ಅದು ಕಂಪನಿ" ಎಂದ ಆ ಬದ್ಮಾಶ್.

ಕೊನೆಗೆ ಅಪ್ಪನೇ ನಡುವೆ ಬಿದ್ದು, ತಮ್ಮ ಅಷ್ಟು ಬಾಯಿಬಿಟ್ಟು ಕೇಳುತ್ತಿದ್ದಾನೆ, ಹೋಗಿ ಬಾ, ಹೈದರಾಬಾದ್ ನೋಡಿದಂತಾಗುತ್ತದೆ ಎಂದ. ಅಪ್ಪನದು ಬೆಣ್ಣೆಯಂಥ ಮನಸ್ಸು. ಸತ್ತ ಅತ್ತೆಯನ್ನೇ ನೆನೆದು ಅಳುವುದೆಂದು ಮಾತಾಯಿತು. ಅವ್ವ ನನ್ನನ್ನೂ ಕರೆದುಕೊಂಡು ರೈಲು ಹತ್ತಿದಳು. ನಾನಿನ್ನೂ ಲಂಗ ಹಾಕುತ್ತಿದ್ದ ಹುಡುಗಿ.

ರಿಕಾರ್ಡು ಮಾಡುವ ಜಾಗ ಹಳೆಯ ನವಾಬರ ಒಂದು ದೇವಡಿ, ಅರಮನೆಯಂಥ ಬಂಗಲೆ. ಒಳಗಿನ ಕೋಣೆಯ ಗೋಡೆಗೆಲ್ಲ ಗಾದಿ ನೇತುಹಾಕಿದ್ದರು. ನಡುವೆ ಮೈಕು, ಬದಿಗೆ ಒಬ್ಬ ಹಾರ್ಮೋನಿಯಂನವ, ಗಾಜಿನ ಕಿಟಕಿಯ ಆಚೆ ಯಂತ್ರ, ಯಂತ್ರದ ಮುಂದೆ ಒಬ್ಬ ಕನ್ನಡಕದವ. ಅವ್ವ ಸೆರಗು ಹಲ್ಲಲ್ಲಿ ಕಚ್ಚಿ ನಿಂತಳು. ಅಪರಿಚಿತ ಗಂಡಸರ ಮುಂದೆ, ಹೆಣವಿಲ್ಲದ ಕೋಣೆಯಲ್ಲಿ ಅಳು ಎಲ್ಲಿಂದ ಬರಬೇಕು? ಜೋಗುಳ ಹಾಡಿದಂತೆ ಹಾಡಿದಳು. ತಟ್ಟೆಯ ಮೇಲೆ ತಟ್ಟೆ ಕೆಟ್ಟವು. ಮಾಮಾ ಬೈದ, ಕೈ ಮುಗಿದ, ಹಾರ್ಮೋನಿಯಂನವನ ಕಪಾಳಕ್ಕೆ ಹೊಡೆದ. ಆಮೇಲೆ ಬಾಗಿಲು ದಢಾರನೆ ಹಾಕಿಕೊಂಡು ಹೊರಗೆ ಹೋದ.

ತಿರುಗಿ ಬಂದಾಗ ತಲೆಯ ಮೇಲೆ ರುಮಾಲು ಇರಲಿಲ್ಲ. ಬಂದವನೇ ಅವ್ವನ ಕಾಲ ಬಳಿ ಕುಸಿದ. "ಅಕ್ಕಾ... ಖಣ್ಯಾಗ ಚಪ್ಪಡಿ ಜಾರೇದಂತ. ಭಾವ ಹೋದ ಅಕ್ಕಾ, ಭಾವ ಹೋದ!"

ಅವ್ವನ ಬಾಯಿಂದ ಬಂದ ದನಿಯನ್ನು ಹೇಗೆ ಹೇಳಲಿ... "ಹೊಳಿ ದಾಟಿಸಿ ತಂದವನೇ ನನ್ನ ರಾಯಾ, ನಡುನೀರಾಗ ಕೈಬಿಟ್ಟು ನಡದ್ಯಲ್ಲೋ" ಎಂದು ಶುರುವಾಯಿತು. ಅಪ್ಪ ತಂದುಕೊಟ್ಟ ಹಸಿರು ಸೀರೆ ಬಂತು, ಕಲ್ಲು ಒಡೆದು ಬೊಬ್ಬೆ ಎದ್ದ ಅಂಗೈ ಬಂತು, ಬುತ್ತಿಯಲ್ಲಿ ಬಿಟ್ಟುಹೋದ ಅರ್ಧ ರೊಟ್ಟಿ ಬಂತು. ನಾನು "ಅಪ್ಪಾ" ಎಂದು ಚೀರಿದೆ. ಚೀರುವಾಗ ಮಾಮಾನ ಬೆನ್ನ ಹಿಂದಿನ ಕೈ ಕಂಡಿತು. ಯಂತ್ರದವನಿಗೆ ಬೆರಳೆತ್ತಿ ಸನ್ನೆ ಮಾಡುತ್ತಿದ್ದ. ಅದು ಏನೆಂದು ಆಗ ನನಗೆ ತಿಳಿಯಲಿಲ್ಲ. ಅಪ್ಪನಿಲ್ಲದ ಹುಡುಗಿಗೆ ಏನು ತಿಳಿದೀತು?

ಯಂತ್ರ ನಿಂತಿತು. ಮಾಮಾ ಎದ್ದು ಮೊಣಕಾಲು ಝಾಡಿಸಿಕೊಂಡು, ರುಮಾಲು ಸುತ್ತಿಕೊಂಡ. ನಗುತ್ತಿದ್ದ! "ಏನೂ ಆಗಿಲ್ಲ ಅಕ್ಕಾ, ಭಾವ ಗಟ್ಟಿ ಅದಾನ. ಮೊನ್ನಿ ಅವನ ತಲಿ ಮ್ಯಾಲ ಕಾಗಿ ಕುಂತಿತ್ತು. ಅದಕ್ಕ ಹೇಳ್ದೆ. ನೀ ಅತ್ತಿ, ದೋಷ ಹೋತು."

ತಲೆಗೆ ಕಾಗೆ ಮುಟ್ಟಿದರೆ ಸಾವು ಬರುತ್ತದೆಂದು ನಮ್ಮಲ್ಲಿ ಭಯ. ಅದಕ್ಕೆ ಪರಿಹಾರವೂ ಉಂಟು. ಆ ಮನುಷ್ಯ ಸತ್ತನೆಂದು ಸಂಬಂಧಿಕರಿಗೆ ಸುಳ್ಳು ಸುದ್ದಿ ಮುಟ್ಟಿಸುತ್ತಾರೆ. ಅವರು ಮನಸಾರೆ ಅತ್ತರೆ ಬಂದ ಸಾವು ಹಿಂದಿರುಗಿ ಹೋಗುತ್ತದೆ, ಆಯುಷ್ಯ ಹೆಚ್ಚುತ್ತದೆ. ಅವ್ವ ಅದನ್ನು ನಂಬಿದಳು. ಯಾಕೆ ನಂಬಬಾರದು? ಗಂಡ ಬದುಕಿದ್ದಾನೆಂದರೆ ಯಾರು ಬೇಡವೆನ್ನುತ್ತಾರೆ? ಕೊರಳ ತಾಳಿಯನ್ನು ಕಣ್ಣಿಗೊತ್ತಿಕೊಂಡು ನಕ್ಕಳು, ತಮ್ಮನ ತಲೆ ಸವರಿದಳು. ತಿರುಗಿ ಬರುವಾಗ ರೈಲಿನಲ್ಲಿ ಅವನು ಕೊಡಿಸಿದ ಮಿರ್ಚಿ ಭಜಿಯನ್ನು ನಾವಿಬ್ಬರೂ ತಿಂದೆವು.

ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಓಡಿಹೋಗಿ ತೊಡೆಯೇರಿದೆ. ಅವ್ವ ಅಳುತ್ತ ನಗುತ್ತ ಕಾಗೆಯ ಮಾತು ತೆಗೆದಳು. ಅಪ್ಪ ಕಣ್ಣು ಪಿಳಿಪಿಳಿ ಬಿಟ್ಟ. "ಕಾಗಿ? ಯಾವ ಕಾಗಿ?"

ಅವ್ವನ ಮುಖ ಹೇಗಾಯಿತೆಂದರೆ, ಬೇಡ... ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಕೊಳವೆ ಊದಿ ಬೆಂಕಿ ಹೊತ್ತಿಸಿ ಒಂದೇ ಮಾತು ಆಡಿದಳು. "ಇನ್ನ ಮ್ಯಾಲ ಅಂವ ಬಂದು ನಾನೇ ಸತ್ತೀನಂತ ಹೇಳಿದ್ರೂ ನಂಬಬ್ಯಾಡ್ರಿ."

ತಟ್ಟೆ ಹೊರಬಂತು. ಏನು ಹೇಳಲಿ ಅದರ ದೌಲತ್ತು! ವಾಡಿಯ ಹೋಟೆಲಿನಲ್ಲಿ ಅದು, ಚಿತ್ತಾಪುರದ ಸಂತೆಯಲ್ಲಿ ಅದು, ಕಾಳಗಿಯ ಅಡತಿ ಅಂಗಡಿಯಲ್ಲಿ ಅದು. ಜನ ನಮ್ಮವ್ವನ ಅಳು ಕೇಳಿ ಕಣ್ಣೊರೆಸಿಕೊಂಡು ಇನ್ನೊಂದು ಕಪ್ಪು ಚಹಾ ತರಿಸುತ್ತಿದ್ದರು. ತಟ್ಟೆಯ ಮೇಲೆ ಮಾಮಾನ ಹೆಸರಿತ್ತು, ಅವ್ವನದಿರಲಿಲ್ಲ. ಆದರೂ ದನಿ ಗುರುತು ಹಿಡಿಯುವವರು ಹಿಡಿದರು. ಗಂಡ ಗಟ್ಟಿಯಾಗಿರುವಾಗಲೇ ರಂಡೆಯಂತೆ ಅತ್ತವಳು ಎಂದು ಹೆಂಗಸರು ಆಡಿಕೊಂಡರು. ಉಡಿ ತುಂಬಲು, ಆರತಿ ಎತ್ತಲು ಅವ್ವನನ್ನು ಕರೆಯುವುದು ನಿಂತುಹೋಯಿತು. ಮನೆಗೆ ಬಂದ ತಟ್ಟೆಯನ್ನು ಅವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಕ್ಕಿ ಒಡೆದಳು.

ಕಂಪನಿಯವರು ಮಾಮಾನಿಗೆ ಅಂಥದ್ದೇ ಇನ್ನೊಂದು ತಾ ಎಂದು ಗಂಟುಬಿದ್ದರು. ಎಲ್ಲಿಂದ ತರುತ್ತಾನೆ? ಅವನ ನೆರಳು ಕಂಡರೆ ಹಾಡುವ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಬಾಡಿಗೆಯವರನ್ನು ತಂದು ಅಳಿಸಿದ, ಆ ಅಳುವನ್ನು ಯಾರೂ ಮೂಸಿ ನೋಡಲಿಲ್ಲ. ಕಂಪನಿ ಕೈಬಿಟ್ಟಿತು. ಸೇಂದಿ ಮಾತ್ರ ಕೈಬಿಡಲಿಲ್ಲ. ರೇಷ್ಮೆ ಶರ್ಟು ಹೋಯಿತು, ಗಡಿಯಾರ ಹೋಯಿತು. ಕೊನೆಗೆ ವಾಡಿ ಪ್ಲಾಟ್‌ಫಾರ್ಮಿನಲ್ಲಿ ಮಲಗುತ್ತಿದ್ದವನನ್ನು ಅಪ್ಪನೇ ಕರೆತಂದು ಖಣಿಯಲ್ಲಿ ಆಳುಗಳ ಹಾಜರಿ ಕೂಗುವ ಕೆಲಸಕ್ಕೆ ಹಚ್ಚಿದ. ಅವ್ವ ಮಾತ್ರ ಹೊಸ್ತಿಲು ದಾಟಿಸಿಕೊಳ್ಳಲಿಲ್ಲ.

ಬೇಸಿಗೆಯ ಒಂದು ಮುಂಜಾನೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮಾಮಾ ಓಡುತ್ತ ಬಂದ. ತಲೆಯ ಮೇಲೆ ರುಮಾಲಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ. ಹೊಸ್ತಿಲಲ್ಲೇ ಕುಸಿದ.

"ಅಕ್ಕಾ, ಖಣ್ಯಾಗ ಚಪ್ಪಡಿ ಜಾರೇದ. ಭಾವ ತೆಳಗ ಸಿಕ್ಕೊಂಡಾನ. ನಿನ್ನೇ ಕೇಳ್ಲಿಕತ್ತಾನ. ಬಾ ಅಕ್ಕಾ, ಲಗೂನ ಬಾ!"

ಅವ್ವ ರೊಟ್ಟಿ ತಿರುವಿ ಹಾಕಿದಳು. "ಈ ಸಲ ಯಾವ ಕಾಗಿ ಕುಂತದಪ್ಪ?"

"ಖರೇ ಹೇಳ್ಲಿಕತ್ತೀನಿ ಅಕ್ಕಾ, ನಿನ್ನ ಆಣಿ, ಭೀಮವ್ವನ ಆಣಿ..."

"ಭಾಳ ಛಂದ ಅಳ್ತಿ. ಹೋಗಿ ತಟ್ಟ್ಯಾಗ ಹಾಕ್ಕೋ" ಎಂದವಳೇ ಎದ್ದು ಕದ ಹಾಕಿ ಅಗಳಿ ಜಡಿದಳು. ಅವನು ಕದ ಬಡಿದ, ಹಣೆ ಚಚ್ಚಿಕೊಂಡ. ಆಮೇಲೆ ಓಡಿಹೋದ ಸಪ್ಪಳ ಕೇಳಿತು. ಅವ್ವ ಬುತ್ತಿ ಕಟ್ಟಿಟ್ಟಳು.

ಬಿಸಿಲು ನೆತ್ತಿಗೇರಿದ ಮೇಲೆ ಖಣಿಯ ಆಳುಗಳು ನಮ್ಮನ್ನು ಕರೆದೊಯ್ಯಲು ಬಂಡಿ ತಂದರು. ಅವರ ಮುಖ ನೋಡಿದ ಕೂಡಲೇ ಅವ್ವನಿಗೆ ತಿಳಿಯಿತು. ಕಲ್ಲಿನ ಕೆಳಗೆ ಅಪ್ಪ ಬಹಳ ಹೊತ್ತು ಜೀವ ಹಿಡಿದಿದ್ದನಂತೆ. "ಬಂದಳೇನು? ಬಂದಳೇನು?" ಎಂದು ಕೇಳುತ್ತಲೇ ಇದ್ದನಂತೆ. ನಾವು ಹೋಗಿ ಮುಟ್ಟುವಷ್ಟರಲ್ಲಿ ಕೇಳುವುದು ನಿಂತಿತ್ತು.

ಅವ್ವ ಹೆಣದ ಮುಂದೆ ಕೂತಳು. ಅಂಗೈಗೆ ಮೆತ್ತಿದ ಹಿಟ್ಟು ಒಣಗಿತ್ತು. ಊರ ಹೆಂಗಸರೆಲ್ಲ ಸುತ್ತ ಕೂತು ಆಕೆ ಶುರು ಮಾಡಲೆಂದು ಕಾದರು. ಆಕೆ ಆ ಹಿಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದಳು. ಒಬ್ಬ ಮುದುಕಿ ಬೆನ್ನು ಸವರಿ, "ಅಳವ್ವಾ, ಎದಿ ಒಡೀತದ, ಅತ್ತುಬಿಡು" ಎಂದಳು.

"ಅತ್ತೀನಲ್ಲ ಯವ್ವಾ, ಆಗ್ಲೇ" ಎಂದಳು ಅವ್ವ.

ಹಾಡಿಲ್ಲದೆ ಅಪ್ಪನನ್ನು ಮಣ್ಣಿಗಿಟ್ಟರು. ಮಾಮಾ ದೂರ ಬೇವಿನ ಮರದ ಕೆಳಗೆ ನಿಂತಿದ್ದ, ಅವನ ಹೆಗಲಿಗೆ ಚಟ್ಟ ಕೊಡಲಿಲ್ಲ. ಒಂದು ಸಲ ಖರೇ ಹೇಳಿದ ಎಂದು ಅವನ ಪರ ವಾದಿಸುವವರು ಆಮೇಲೆ ಹುಟ್ಟಿಕೊಂಡರು. ಥೂ! ಆ ಖರೆಯನ್ನು ಕೊಂದವನೂ ಅವನೇ ಅಲ್ಲವೇ? ನಮ್ಮ ಸೀಮೆ ಹೈದರಾಬಾದಿನಿಂದ ಹರಿದು ಮೈಸೂರಿಗೆ ಸೇರಿದ ವರ್ಷ ಅವನು ವಾಡಿಯಲ್ಲಿ ಕುಡಿದು ಸತ್ತ. ಸುದ್ದಿ ಬಂದಾಗ ಅವ್ವ ತಲೆಗೆ ನೀರು ಕೂಡ ಹಾಕಿಕೊಳ್ಳಲಿಲ್ಲ. ಆಮೇಲೆ ಬಹಳ ವರ್ಷ ಬದುಕಿದಳು. ನನ್ನ ಮಕ್ಕಳ ತೊಟ್ಟಿಲು ತೂಗಿದಳು, ಜೋಗುಳ ಹಾಡಲಿಲ್ಲ...

ಬಳೆ ಅಂಗಡಿಯಿಂದ ಬಂದು ಸುಧಾರಿಸಿಕೊಳ್ಳುವಷ್ಟರಲ್ಲಿ, ಮೊನ್ನೆ ಮನೆಗೆ ಇಬ್ಬರು ಬಂದರು. ಕಾಲೇಜಿನಲ್ಲಿ ಕಲಿಸುವ ಒಬ್ಬ ಹುಡುಗ, ಒಬ್ಬ ಹುಡುಗಿ. ಮಾಮಾನ ಹೆಸರಿನಲ್ಲಿ ದೊಡ್ಡ ಸಭೆಯಂತೆ. ಈ ಮಣ್ಣಿನ ದನಿ ಉಳಿಸಿದ ಮಹಾನುಭಾವನಂತೆ ಅವನು! ಸೋದರಸೊಸೆಯಾಗಿ ನಾನು ಬಂದು ಎರಡು ಮಾತಾಡಬೇಕಂತೆ. ಫೋಟೋ ಮುಂದೆ ಹಿಡಿದರು. "ತೆಗೀರಿ ಅದನ್ನ" ಎಂದೆ. ಹುಡುಗ ಹೆದರಿ ತೆಗೆದ. ಹುಡುಗಿ ಗಟ್ಟಿ, ಫೋನು ಒತ್ತಿದಳು. ಸೇಡಂನ ಯಾರದೋ ಅಟ್ಟದಲ್ಲಿ ತಟ್ಟೆ ಸಿಕ್ಕಿತಂತೆ, ಅದರ ದನಿಯನ್ನು ಫೋನಿಗೆ ಇಳಿಸಿಕೊಂಡಿದ್ದಾರಂತೆ.

ಕರಕರ ಸಪ್ಪಳದೊಳಗಿಂದ ಅವ್ವ ಬಂದಳು. ಹಸಿರು ಸೀರೆ ಬಂತು, ಅಂಗೈ ಬಂತು, ಅರ್ಧ ರೊಟ್ಟಿ ಬಂತು. ನಡುವೆ ಒಂದು ಹುಡುಗಿ ಅಪ್ಪಾ ಎಂದು ಚೀರಿತು.

"ಆ ಕೂಸಿನ ದನಿ ಎಷ್ಟ್ ಬರೋಬ್ಬರಿ ಜಾಗಾದಾಗ ತಂದಾರ ನೋಡ್ರಿ ಅಜ್ಜಿ" ಎಂದಳು ಹುಡುಗಿ.

ನಾಲಿಗೆಯ ತುದಿಗೆ ಬೈಗುಳದ ರಾಶಿಯೇ ಬಂದಿತ್ತು. ಅಪ್ಪನಿಗಾಗಿ ಅವ್ವ ಹಾಡ್ಯಾಡಿ ಅತ್ತದ್ದು ಈ ಭೂಮಿಯ ಮೇಲೆ ಇದೊಂದೇ ಸಲ. ಅದೂ ಅಪ್ಪ ಗಟ್ಟಿಯಾಗಿ ಕಲ್ಲು ಎಬ್ಬಿಸುತ್ತಿದ್ದಾಗ. ಸತ್ತ ಮೇಲೆ ಅವನ ಪಾಲಿಗೆ ಒಂದು ನುಡಿಯೂ ಬರಲಿಲ್ಲ. ಇರುವುದು ಇಷ್ಟೇ, ಇದೂ ಆ ಮನೆಮುರುಕನ ಕೈಯಿಂದಲೇ ನನಗೆ ಸಿಗಬೇಕಾಯಿತು.

ಸಭೆಗೆ ಬರುವುದಿಲ್ಲವೆಂದು ಖಡಾಖಂಡಿತ ಹೇಳಿದೆ. ಇಬ್ಬರೂ ಮುಖ ಸಣ್ಣದು ಮಾಡಿಕೊಂಡು ಎದ್ದರು. ಹುಡುಗಿ ಫೋನು ಚೀಲಕ್ಕೆ ಹಾಕಿಕೊಂಡು ಬಾಗಿಲವರೆಗೆ ಹೋಗಿದ್ದಳು. ಕರೆದೆ.

"ಕುಂದ್ರವಾ. ಇನ್ನೊಮ್ಮಿ ಹಚ್ಚು."