ಸೂಡಾನಿಗೆ ಹೊರಟ ಕೌದಿ

ನಮ್ಮ ಸೀಮೆಯಲ್ಲಿ ಕೌದಿಗೂ ಹೊಟ್ಟೆಯಿರುತ್ತದೆ. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಪದರಪದರವಾಗಿ ಜೋಡಿಸಿ, ನಾಲ್ಕೂ ಅಂಚುಗಳಿಂದ ಒಳಮುಖವಾಗಿ ಹೊಲಿಯುತ್ತ ಬಂದ ಹೆಣ್ಣುಮಕ್ಕಳು ನಟ್ಟನಡುವೆ ಅಂಗೈಯಗಲದ ಜಾಗವನ್ನು ಉಳಿಸಿಕೊಂಡಿರುತ್ತಾರೆ. ಅಲ್ಲಿ ಜೋಳದ ರೊಟ್ಟಿಯ ಒಂದು ಚೂರನ್ನಿಟ್ಟು, ಅದರ ಮೇಲೊಂದು ಬಣ್ಣದ ಚೌಕವನ್ನು ಕೂಡಿಸಿ ಹೊಲಿದಾಗಲೇ ಕೌದಿ ಮುಗಿದಂತೆ. ಹಸಿದ ಕೌದಿ ಹೊದ್ದವರನ್ನೇ ಉಣ್ಣುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಕಾಲೇಜಿನ ಚರ್ಚಾಕೂಟದಲ್ಲಿ ಮೂಢನಂಬಿಕೆಯನ್ನು ಖಂಡಿಸಿ ಚಪ್ಪಾಳೆ ಗಿಟ್ಟಿಸಿದ ದಿನವೂ ನಾನು ಹೊದ್ದು ಮಲಗಿದ್ದು ಅಂಥದೇ ಕೌದಿಯನ್ನು. ಹಳೆಯ ಬಟ್ಟೆಯ ಆ ಮೆತ್ತನೆಯ ವಾಸನೆ, ಬೆರಳಿಗೆ ತಾಕುವ ಹೊಲಿಗೆಯ ಟಾಕುಗಳ ಸಾಲು ಇಂದಿಗೂ ನನಗೆ ಮನೆ ಎಂಬ ಮಾತಿನ ಮೊದಲ ಅರ್ಥ.

ಅರವತ್ತರ ದಶಕದ ನಡುವಿನ ವರ್ಷಗಳು ಅವು. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಅರಿವೆ-ಬಟ್ಟೆಯ ವ್ಯಾಪಾರಿಗಳೊಬ್ಬರಿದ್ದರು. ಅವರ ದಾಯಾದಿಗಳು ಆಫ್ರಿಕಾದ ಯುಗಾಂಡಾದಲ್ಲಿ ಅಂಗಡಿ ಇಟ್ಟಿದ್ದರು. ಅಲ್ಲಿಂದ ಊರಿಗೆ ಬಂದಿದ್ದ ಆ ದಾಯಾದಿಗಳಲ್ಲೊಬ್ಬ ಒಂದು ಸಂಜೆ ಅಂಗಡಿಯ ಗಾದಿಯ ಮೇಲೆ ಕುಳಿತು, ನೆರೆಯ ಸೂಡಾನಿನ ದಕ್ಷಿಣದಲ್ಲಿ ನಡೆದಿದ್ದ ಕಾಳಗದ ಸುದ್ದಿ ಹೇಳಿದ. ಸುಟ್ಟ ಹಳ್ಳಿಗಳನ್ನು ಬಿಟ್ಟ ಜನ ಗಡಿ ದಾಟಿ ಬರುತ್ತಿದ್ದರಂತೆ. ಹೆಂಗಸರು ಕೂಸುಗಳನ್ನು ಬಗಲಲ್ಲಿಟ್ಟುಕೊಂಡು, ಇಬ್ಬನಿ ಬೀಳುವ ಹುಲ್ಲುಗಾವಲಿನಲ್ಲಿ ಬರಿಮೈಯಲ್ಲಿ ಮಲಗುತ್ತಿದ್ದರಂತೆ. ಅವರಿಗೆಂದು ಮುಂಬಯಿಯಲ್ಲಿ ಕೆಲವು ಸಜ್ಜನರು ಬಟ್ಟೆ, ಹಾಸಿಗೆಗಳನ್ನು ಕೂಡಿಸಿ ಹಡಗಿನಲ್ಲಿ ಕಳಿಸುತ್ತಿದ್ದಾರೆ, ನಮ್ಮೂರಿನಿಂದಲೂ ಏನಾದರೂ ಆಗಬಹುದೇ ಎಂದು ಕೇಳಿದ. ನಾನೂ ಚರ್ಚಾಕೂಟದಲ್ಲಿ ನನ್ನ ಜೊತೆಗಾರನಾಗಿದ್ದ ಗೆಳೆಯನೂ ಅಲ್ಲೇ ಇದ್ದೆವು. ಜಗತ್ತಿನ ಶಾಂತಿಯ ಬಗ್ಗೆ ಪರವಾಗಿಯೂ ವಿರೋಧವಾಗಿಯೂ ಮಾತಾಡಬಲ್ಲವರು ನಾವು. ಮಾತಿನಾಚೆಗೆ ಏನಾದರೂ ಮಾಡುವ ಅವಕಾಶ ಅಂದು ಮೊದಲ ಬಾರಿ ಬಂದಿತ್ತು. ವ್ಯಾಪಾರಿಗಳು ತಮ್ಮ ಗೋದಾಮಿನ ಒಂದು ಮೂಲೆಯನ್ನು ಬಿಟ್ಟುಕೊಟ್ಟರು.

ಆ ಚಳಿಗಾಲವೆಲ್ಲ ಸೈಕಲ್ ತುಳಿದದ್ದೇ ಒಂದು ಸುಖ. ರಸ್ತೆಯ ಎರಡೂ ಬದಿಗೆ ಎದೆಯೆತ್ತರದ ಬಿಳಿಜೋಳ, ತೆನೆಗಳ ಮೇಲೆ ಗಿಳಿಹಿಂಡು, ಅವನ್ನೋಡಿಸಲು ಗೋಫಣಿಯಿಂದ ಕಲ್ಲು ಬೀಸುತ್ತಿದ್ದವರ ಕೂಗು. ಬಬಲೇಶ್ವರದ ಸಂತೆಯಲ್ಲಿ ಮೆಣಸಿನಕಾಯಿ ಚೀಲವೊಂದರ ಮೇಲೆ ಹತ್ತಿ ನಿಂತು ನಾನು ಮಾನವಕುಲದ ಏಕತೆಯನ್ನು ಕುರಿತು ಮಾತಾಡಿದೆ. ಜನ ಕೇಳಿದರು. ಕಡೆಗೆ ಚೀಲದ ಒಡೆಯನಾದ ಮುದುಕನೊಬ್ಬ, "ಸಾಹೇಬ್ರ, ನೀವು ಒದರಿದ್ದು ಆಫ್ರಿಕಾಕ್ಕ ಕೇಳೇತ್ರಿ. ಇನ್ನ ಇಳೀರಿ, ನನ್ನ ಕಾಯಿ ಪುಡಿ ಆಗಾಕತ್ತಾವು" ಎಂದ. ಎಲ್ಲರೂ ನಕ್ಕರು, ಆದರೆ ಆ ನಗುವಿನಲ್ಲೇ ಧೋತರ, ಚಾದರ, ಕೌದಿಗಳು ಬರತೊಡಗಿದವು. ಆ ಮುದುಕ ತನ್ನ ಹೆಗಲ ಮೇಲಿನ ಕಂಬಳಿಯನ್ನೇ ಮಡಚಿ ಕೊಟ್ಟ.

ತಿಕೋಟಾದಲ್ಲಿ ನಾವು ಭಾಷಣ ಮಾಡಲಿಲ್ಲ. ಬಬಲೇಶ್ವರದ ಪಾಠ ಸಾಕಾಗಿತ್ತು. ಮನೆಮನೆಗೂ ಹೋಗಿ ಕಟ್ಟೆಯ ಮೇಲೆ ಕುಳಿತು ಸುದ್ದಿ ಹೇಳಿದೆವು. ಒಂದು ಒಕ್ಕಲು ಮನೆಯಲ್ಲಿ ನಡುವಯಸ್ಸಿನ ತಾಯಿಯೊಬ್ಬಳು ಹತ್ತಿ ಬಿಡಿಸುತ್ತ ಕೇಳಿಸಿಕೊಂಡಳು. ಅಲ್ಲಿಯ ಹೆಂಗಸರು ಕೂಸುಗಳನ್ನು ಎತ್ತಿಕೊಂಡೇ ನಡೆಯುತ್ತಾರೋ, ದಾರಿಯಲ್ಲೇ ಹಡೆದವರೂ ಇರುತ್ತಾರೋ ಎಂದು ವಿಚಾರಿಸಿದಳು. ಇರುತ್ತಾರೆ ಎಂದೆ. ಅವಳು ಒಳಗೆ ಹೋಗಿ ಒಂದು ಕೌದಿ ತಂದಳು. ಕೆಂಪು, ಹಸಿರು ಇಳಕಲ್ ಸೀರೆಯ ತುಂಡುಗಳು, ಇರುವೆಸಾಲಿನಂಥ ಹೊಲಿಗೆ, ಒಮ್ಮೆಯೂ ಹಾಸದ ಹೊಸತನ. ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದ ಮಗಳು ತನ್ನ ಕೂಸಿಗಾಗಿ ಹೊಲಿದದ್ದು ಅದು. ಹೆರಿಗೆಯಲ್ಲಿ ಮಗಳೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ಪೆಟ್ಟಿಗೆಯಲ್ಲಿಟ್ಟು ಏನು ಮಾಡಲಿ, ಅಂಥ ಯಾವಳಾದರೂ ತನ್ನ ಕೂಸಿಗೆ ಹೊದಿಸಲಿ ಎಂದು ಅವಳು ಕೊಟ್ಟಳು. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. ಖಂಡಿತ ತಲುಪಿಸುತ್ತೇವೆ ಎಂದು ಮಾತು ಕೊಟ್ಟೆ.

ಗೋದಾಮು ತುಂಬಿದಾಗ ಮುಂಬಯಿಯ ಸಮಿತಿಯಿಂದ ಒಬ್ಬ ಗೃಹಸ್ಥರು ಗಂಟುಗಳನ್ನು ಪರೀಕ್ಷಿಸಲು ಬಂದರು. ಮರಾಠಿ ಮಾತಾಡುವ, ಮೃದು ಸ್ವಭಾವದ ಮನುಷ್ಯ. ಮೇಲಿನ ಕೌದಿಯನ್ನು ಬಿಡಿಸಿದವರೇ ನಡುವಿನ ಚೌಕವನ್ನು ಹಿಚುಕಿ ನೋಡಿ, ಇದರಲ್ಲೇನಿದೆ ಎಂದರು. ನಾವು ಹೆಮ್ಮೆಯಿಂದಲೇ ಹೇಳಿದೆವು. ಅವರ ಮುಖ ಕಂದಿತು. ಹಿಂದಿನ ಸಲ ಕಳಿಸಿದ ಗಂಟುಗಳಲ್ಲಿ ಎಲ್ಲೋ ಕಾಳು ಸೇರಿ, ಹಡಗಿನಲ್ಲಿ ಇಲಿ, ನುಸಿಹುಳುಗಳು ಹೊಕ್ಕು, ಬಂದರಿನ ಆರೋಗ್ಯಾಧಿಕಾರಿಗಳು ಸರಕನ್ನೆಲ್ಲ ಸುಟ್ಟಿದ್ದರಂತೆ. ಬಟ್ಟೆಯ ಒಳಗೆ ತಿನ್ನುವ ವಸ್ತು ಒಂದಿಷ್ಟಿದ್ದರೂ ತಾನು ಒಯ್ಯಲಾರೆ ಎಂದರು. ರೊಟ್ಟಿ ತೆಗೆದುಕೊಡಿ, ಇಲ್ಲವೇ ಕೌದಿಗಳನ್ನು ಬಿಟ್ಟು ಉಳಿದದ್ದನ್ನು ಕೊಡಿ.

ಅವರು ಹೇಳಿದ್ದರಲ್ಲಿ ಖಂಡಿಸುವಂಥದು ಏನೂ ಇರಲಿಲ್ಲ. ಗೆಳೆಯ ನನ್ನನ್ನು ಬದಿಗೆ ಕರೆದು, ಒಂದು ಬ್ಲೇಡಿನ ಕೆಲಸ, ಸಂಜೆಯೊಳಗೆ ಮುಗಿಯುತ್ತದೆ, ಕೊಟ್ಟವರಿಗೆ ಗೊತ್ತಾಗುವುದೇ ಇಲ್ಲ ಎಂದ. ನನಗೆ ತಿಕೋಟಾದ ಆ ಕೌದಿ ನೆನಪಾಯಿತು. ಕೊಟ್ಟ ಕೈಗೆ ತಿಳಿಸದೆ ಕೊಟ್ಟದ್ದನ್ನು ಕೊಯ್ಯುವುದು ನನ್ನಿಂದಾಗದು ಎಂದೆ. "ಲೇ, ಕೇಳಾಕ ಹೋದ್ರ ಅಷ್ಟೂ ಮಂದಿ ತಮ್ಮ ಕೌದಿ ತಿರುಗಿ ಕೇಳ್ತಾರ. ಅಲ್ಲಿ ಕೂಸು ಚಳಿಗೆ ನಡುಗಾಕತ್ತಿರ್ತಾವು, ನೀ ಇಲ್ಲಿ ನೀತಿ ಹೇಳಕೋತ ಕೂಡು" ಎಂದ. ನಾವಿಬ್ಬರೂ ಒಂದೇ ಪಕ್ಷದಲ್ಲಿ ನಿಂತು ವಾದಿಸಿ ಬಂದವರು. ಅಂದು ಮೊದಲ ಬಾರಿಗೆ ಎದುರುಬದುರಾದೆವು. ಗೃಹಸ್ಥರು ವಾರದೊಳಗೆ ಗಂಟುಗಳೊಂದಿಗೆ ಮುಂಬಯಿಗೆ ಹಿಂದಿರುಗುವವರಿದ್ದರು. ಅಷ್ಟರಲ್ಲಿ ಕೇಳಿಕೊಂಡು ಬಾ, ಆಗದಿದ್ದರೆ ಬ್ಲೇಡು ಎಂದು ಗೆಳೆಯ ಒಪ್ಪಿದ.

ತಿಕೋಟಾದಲ್ಲಿ ಆ ತಾಯಿ ಅದೇ ಜಾಗದಲ್ಲಿ ಕುಳಿತು ಹತ್ತಿ ಬಿಡಿಸುತ್ತಿದ್ದಳು. ನಾನು ಎಲ್ಲವನ್ನೂ ಹೇಳಿದೆ: ಇಲಿ, ಬಂದರು, ಸುಟ್ಟ ಸರಕು, ಗಂಟು ಕಟ್ಟುವ ದಿನ. ಬೇಕಾದರೆ ಕೌದಿಯನ್ನು ತಂದುಕೊಡುತ್ತೇನೆ ಎಂದೆ.

"ತಿರುಗಿ ತಂದು ನನಗೇನ ಕೊಡ್ತಿ ತಮ್ಮಾ" ಎಂದಳು. "ಕೊಟ್ಟದ್ದು ಕೊಟ್ಟಂಗ. ಆದ್ರ ಆ ರೊಟ್ಟಿ ನನ್ನ ಮಗಳು ಬಡದದ್ದು. ಆಕಿ ಕೈಯಡಗಿ ಅಂತ ಉಳದದ್ದು ಅದೊಂದ."

ರೊಟ್ಟಿಯ ಚೂರನ್ನು ಜೋಪಾನವಾಗಿ ತೆಗೆದು ತಂದುಕೊಡಲೇ ಎಂದು ಕೇಳಿದೆ. ಅವಳು ಹೌದೆನ್ನಲಿಲ್ಲ, ಬೇಡವೆನ್ನಲಿಲ್ಲ. ಉಂಡು ಹೋಗು ಎಂದಳು. ಉಂಡು ಬಂದೆ. ಉಳಿದ ಮನೆಗಳಲ್ಲಿ ಕೆಲವರು ಏನಾದರೂ ಮಾಡಿಕೊಳ್ಳಿರಿ ಎಂದರು. ಒಬ್ಬಾಕೆ ಮಾತ್ರ, ಹಸಿದವರಿಗೆ ಹಸಿದ ಕೌದಿ ಕಳಿಸುವ ನಿಮ್ಮ ಶಾಣ್ಯಾತನಕ್ಕೆ ಏನನ್ನಬೇಕು ಎಂದು ಬಾಗಿಲಲ್ಲೇ ನಿಲ್ಲಿಸಿ ಬೈದಳು.

ಗಂಟು ಕಟ್ಟುವ ದಿನ ಬೆಳಿಗ್ಗೆ ತಿಕೋಟಾದ ಆ ತಾಯಿ ಬಸ್ಸಿನಿಂದಿಳಿದು, ಕೇಳಿಕೊಳ್ಳುತ್ತ ಸ್ಟೇಷನ್ ರಸ್ತೆಯ ಗೋದಾಮಿಗೆ ಬಂದಳು. ರಾಶಿಯಲ್ಲಿ ತನ್ನ ಕೌದಿಯನ್ನು ತಾನೇ ಗುರುತಿಸಿ, ಬೆಳಕಿನ ಕಡೆಗೆ ಹಾಸಿಕೊಂಡು ಕುಳಿತಳು. ಗೆಳೆಯ ಕತ್ತರಿ ಚಾಚಿದ. ಅವಳು ನೋಡಲೂ ಇಲ್ಲ. ಸೂಜಿಯ ಮೊನೆಯಿಂದ ಮಗಳ ಟಾಕುಗಳನ್ನು ಒಂದೊಂದಾಗಿ ಎತ್ತಿ ಬಿಚ್ಚತೊಡಗಿದಳು. ಗೃಹಸ್ಥರೂ ವ್ಯಾಪಾರಿಗಳೂ ಬಂದು ನಿಂತರು. ಚೌಕದ ಮೂರು ಬದಿ ಬಿಚ್ಚಿ, ನಾಲ್ಕನೆಯದನ್ನು ಹಾಗೇ ಉಳಿಸಿ, ಒಳಗೆ ಬೆರಳಿಟ್ಟಳು. ರೊಟ್ಟಿ ಉಳಿದಿರಲಿಲ್ಲ. ನುಸಿ ತಿಂದು, ಹಿಟ್ಟಿನಂಥ ಬೂದುಬಣ್ಣದ ಪುಡಿಯಾಗಿತ್ತು. ಅದನ್ನು ಅವಳು ಅಂಗೈಗೆ ಕೊಡವಿಕೊಂಡು, ಸೆರಗಿನ ತುದಿಯಲ್ಲಿ ಗಂಟು ಹಾಕಿದಳು.

ಅನಂತರ ಚೌಕದ ಎರಡು ಬದಿಗಳನ್ನು ಹೊಲಿದು, ಒಂದನ್ನು ಕಿಸೆಯ ಹಾಗೆ ತೆರೆದೇ ಬಿಟ್ಟಳು. ದಾರ ಪೋಣಿಸಿದ ಸೂಜಿಯನ್ನು ಅದರ ಅಂಚಿಗೆ ಚುಚ್ಚಿದಳು. ಇದು ಅರ್ಧಕ್ಕೇ ಬಿಟ್ಟ ಕೆಲಸವೆಂದು ತಿಳಿದು ಗೆಳೆಯ, "ಅವ್ವಾರ, ಅದನ್ನೂ ಹೊಲದಬಿಡ್ರಲ್ಲ" ಎಂದ.

"ಅದನ್ನ ಆಕಿ ಹೊಲೀತಾಳ" ಎಂದಳು. "ಯಾವಾಕಿಗೆ ಮುಟ್ಟತೈತೋ ಆಕಿ. ಇವತ್ತಿಲ್ಲಾ ನಾಳೆ ಆಕೀನೂ ಒಲಿ ಹೂಡ್ತಾಳ. ತಾ ಮಾಡಿದ್ದರಾಗಿಂದ ಒಂದು ಚೂರು ಇಟ್ಟು ಹೊಲಕೊಳ್ಳಲಿ. ಊರು ಬಿಟ್ಟು ಬಂದಾಳಂತ ಕೈ ಬಿಟ್ಟು ಬಂದಾಳೇನು?"

ಗೃಹಸ್ಥರಿಗೆ ನಾನು ಅದನ್ನು ಹಿಂದಿಯಲ್ಲಿ ತಿಳಿಸಿದೆ. ಅವರು ಸೂಜಿಯನ್ನು ನೋಡಿದರು, ನನ್ನನ್ನು ನೋಡಿದರು. ನಿಷೇಧವಿರುವುದು ತಿನ್ನುವ ವಸ್ತುಗಳಿಗೆ, ಸೂಜಿಯನ್ನು ಇಲಿ ತಿನ್ನುವುದಿಲ್ಲ ಎಂದು ನಾನು ವಾದ ಹೂಡಿದೆ. ಅಷ್ಟೆಲ್ಲ ವಾದ ಬೇಕಾಗಿಲ್ಲ ಎಂದು ನಕ್ಕು, ಮಕ್ಕಳಿಗೆ ಚುಚ್ಚದಂತೆ ಸೂಜಿಗೊಂದು ಬಟ್ಟೆ ಸುತ್ತಿಸಿರಿ ಎಂದಷ್ಟೇ ಹೇಳಿದರು. ಅಂದು ಮಧ್ಯಾಹ್ನ ಗೆಳೆಯನ ತಾಯಿ, ನನ್ನ ಅಕ್ಕ, ವ್ಯಾಪಾರಿಗಳ ಮನೆಯ ಹೆಣ್ಣುಮಕ್ಕಳು ಎಲ್ಲರೂ ಗೋದಾಮಿನಲ್ಲಿ ಕುಳಿತು ಉಳಿದ ಕೌದಿಗಳನ್ನೂ ಹಾಗೆಯೇ ಬಿಚ್ಚಿ, ಹಾಗೆಯೇ ಒಂದು ಬದಿ ಬಿಟ್ಟು ಹೊಲಿದರು. ತಿಕೋಟಾದಾಕೆ ನಡುವೆ ಕುಳಿತು, ಟಾಕು ದೊಡ್ಡದಾಯಿತೆಂದು ಪೇಟೆಯ ಹೆಂಗಸರನ್ನು ಗದರಿಸುತ್ತಿದ್ದಳು. ಅವರ ಮಾತು, ನಗೆ, ಚಹಾದ ಕಪ್ಪುಗಳು, ಕಿಟಕಿಯ ಬಿಸಿಲಲ್ಲಿ ಹಾರುತ್ತಿದ್ದ ಬಟ್ಟೆಯ ಧೂಳು! ಒಂದು ಒಳ್ಳೆಯ ಕೆಲಸ ಹೇಗೆ ಕಾಣುತ್ತದೆ ಎಂದು ಯಾರಾದರೂ ಕೇಳಿದರೆ, ನನಗೆ ಕಾಣುವುದು ಆ ಮಧ್ಯಾಹ್ನವೇ.

ಸಂಜೆ ಅವಳನ್ನು ಬಸ್ಸಿಗೆ ಕೂಡಿಸಲು ಹೋದೆ. ಸೆರಗಿನ ಗಂಟನ್ನು ಅವಳು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದಳು. ಬಸ್ಸು ಹೊರಡುವ ಮೊದಲು ಕಿಟಕಿಯಿಂದ ಬಾಗಿ, "ತಮ್ಮಾ, ಆ ನಾಡಿನಾಗ ಜೋಳಾ ಬೆಳೀತಾರೇನು?" ಎಂದು ಕೇಳಿದಳು.

ಭೂಗೋಳದಲ್ಲಿ ಓದಿದ್ದೆ. ಬೆಳೆಯುತ್ತಾರೆ, ನಮ್ಮ ಹಾಗೆಯೇ ಅವರೂ ಜೋಳವನ್ನೇ ಉಣ್ಣುವ ಜನ ಎಂದೆ.

"ಹಂಗಾದ್ರ ಆತು ಬಿಡು" ಎಂದು ಅವಳು ಸರಿದು ಕುಳಿತಳು.